‘ಎಲ್ಲ ಸರಿಯಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ’

ಓದುಗಿಯರ ಆರೋಗ್ಯ: ಪ್ರಶ್ನೆ ನಿಮ್ಮದು, ಉತ್ತರ ಕುಮಟಾದ ವೈದ್ಯೆಯದು

ಹಿಂದಿನ ಸಂಚಿಕೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆ ಬರೆದಿದ್ದೆ. ತಪಾಸಣೆ ಎಲ್ಲಿ, ಖರ್ಚೆಷ್ಟು ಎಂಬಂಥ ಪ್ರಶ್ನೆಗಳು ಬಂದಾವು ಎಂದುಕೊಂಡಿದ್ದರೆ, ಬಂದದ್ದೆಲ್ಲ ಚಿಕಿತ್ಸೆ ಮುಗಿಸಿದವರ ಪತ್ರಗಳು. ಎಲ್ಲರಿಗೂ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟಾಗಿದೆ, ಎಲ್ಲರಿಗೂ ರೋಗ ಹೋಗಿದೆ ಎಂದು ಹೇಳಿಯಾಗಿದೆ, ಒಬ್ಬರಿಗೂ ನೆಮ್ಮದಿ ಇಲ್ಲ. ಹೆಸರು, ಊರು ತೆಗೆದು ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಉಳಿದವರೂ ಅದನ್ನು ಓದಲಿ ಎಂದೇ ಮೊಟಕುಗೊಳಿಸಲಿಲ್ಲ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 43 ವರ್ಷ, ಇಬ್ಬರು ಮಕ್ಕಳು. ಹೋದ ವರ್ಷ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿದು ಹೊರಗಿನಿಂದ 25 ಸಲ ಕರೆಂಟ್ ಕೊಟ್ಟರು. ವಾರಕ್ಕೊಮ್ಮೆ ಕಿಮೋ ಡ್ರಿಪ್ ಹಾಕಿದರು, ಆಮೇಲೆ ಒಳಗಿನಿಂದ ನಾಲ್ಕು ಸಲ ಕರೆಂಟ್ ಆಯಿತು. ಮುಗಿದು ಎಂಟು ತಿಂಗಳಾದವು. ತೋರಿಸಲು ಹೋದಾಗಲೆಲ್ಲ ‘ಎಲ್ಲ ಸರಿಯಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಮನೆಗೆ ಕಳಿಸುವ ದಿನ ನರ್ಸ್ ಒಂದು ಬಿಳಿ ಪ್ಲಾಸ್ಟಿಕ್ ಕೊಳವೆಯಂಥದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟು ಏನೋ ಹೇಳಿದರು. ಹೊರಗೆ ಜನರ ಸಾಲು ಇತ್ತು, ಪಕ್ಕದಲ್ಲಿ ಮೈದುನ ನಿಂತಿದ್ದ, ತಿರುಗಿ ಕೇಳಲು ನಾಚಿಕೆಯಾಯಿತು. ಅದು ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಗೆಯೇ ಬಿದ್ದಿದೆ. ನಮ್ಮನೆಯವರು ಬೋಟಿಗೆ ಹೋಗುವವರು. ಒಮ್ಮೆ ಸೇರಲು ನೋಡಿದಾಗ ನೋವು ತಡೆಯಲಾಗಲಿಲ್ಲ, ರಕ್ತವೂ ಕಂಡಿತು. ಅಂದಿನಿಂದ ಇಬ್ಬರೂ ಹೆದರಿದ್ದೇವೆ. ಜೂನ್‌ನಲ್ಲಿ ಮೀನುಗಾರಿಕೆ ಬಂದ್ ಆದರೆ ಎರಡು ತಿಂಗಳು ಅವರು ಮನೆಯಲ್ಲೇ ಇರುತ್ತಾರೆ. ರಾತ್ರಿ ಮೈಯೆಲ್ಲ ಉರಿ ಹತ್ತಿ ಬೆವರುತ್ತೇನೆ. ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಕರೆಂಟ್ ಮೈಯಲ್ಲೇ ಉಳಿದಿರುತ್ತದೆ, ಮಕ್ಕಳಿಗೆ ತಾಗುತ್ತದೆ ಎನ್ನುತ್ತಾರೆ. ನಮ್ಮನೆಯವರಿಗೂ ಈ ರೋಗ ಬರುತ್ತದೆಯೇ?
— ಅಂಕೋಲಾ ತಾಲ್ಲೂಕಿನ ಓದುಗಿ

ಉತ್ತರ: ತಟ್ಟೆ, ಲೋಟದ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ತರಿಸಿದ್ದು ಅದು. ಹೊರಗಿನಿಂದ ಕೊಟ್ಟದ್ದು ಬಲವಾದ ಎಕ್ಸ್-ರೇಯಂಥ ಕಿರಣ. ಯಂತ್ರ ನಿಂತ ಕ್ಷಣವೇ ಅದು ಮುಗಿಯಿತು. ಟಾರ್ಚ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಒಳಗಿನಿಂದ ಕೊಡುವಾಗ ಇರಿಡಿಯಂ ಅಥವಾ ಕೋಬಾಲ್ಟ್‌ನ ಬಹಳ ಚಿಕ್ಕ ತುಣುಕೊಂದು ತಂತಿಯ ತುದಿಯಲ್ಲಿ ಬಂದು, ಕೆಲವು ನಿಮಿಷ ನಿಂತು, ಮತ್ತೆ ಯಂತ್ರದೊಳಕ್ಕೇ ಹೋಗುತ್ತದೆ. ನಿಮ್ಮ ಮೈಯಲ್ಲಿ ಏನೂ ಉಳಿದಿಲ್ಲ. ಕೈಗಾ ಸ್ಥಾವರದ ಜಿಲ್ಲೆಯವರಾದ ನಮಗೆ ವಿಕಿರಣ ಎಂಬ ಮಾತು ಕಿವಿಗೆ ಬಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯುವುದು ಅಭ್ಯಾಸವಾಗಿಬಿಟ್ಟಿದೆ, ನಿಮ್ಮ ಅತ್ತೆಯವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಆದರೆ ಮಕ್ಕಳನ್ನು ಅಪ್ಪಿಕೊಳ್ಳಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ, ಒಂದೇ ತಟ್ಟೆಯಲ್ಲಿ ಉಣ್ಣಿ. ಈ ಪ್ಯಾರಾವನ್ನು ಮಗನಿಂದಲೋ ಮಗಳಿಂದಲೋ ಅತ್ತೆಯವರಿಗೆ ಓದಿಸಿ. ಮುಂದಿನದನ್ನು ನೀವೊಬ್ಬರೇ ಓದಿಕೊಳ್ಳಿ.

ಕ್ಯಾನ್ಸರ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ, ಕೂಡುವುದರಿಂದಲೂ ದಾಟುವುದಿಲ್ಲ. ಈ ಕ್ಯಾನ್ಸರಿನ ಹಿಂದಿರುವ ಎಚ್‌ಪಿವಿ ಎಂಬ ವೈರಸ್ ದಾಟುತ್ತದೆ, ನಿಜ. ಆದರೆ ಅದು ಸಂಸಾರ ಮಾಡುವ ಹೆಚ್ಚಿನ ಗಂಡಸು ಹೆಂಗಸರಿಗೆ ಬದುಕಿನಲ್ಲಿ ಎಂದಾದರೂ ತಗುಲಿ, ಬಹುತೇಕರಲ್ಲಿ ತಾನಾಗಿಯೇ ಹೋಗಿಬಿಡುವಂಥದ್ದು. ಕೆಲವರಲ್ಲಿ ಉಳಿದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು, ಇಪ್ಪತ್ತು ವರ್ಷ ಹಿಡಿಯುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕಲು ಕುಳಿತು ಸಂಸಾರ ಕೆಡಿಸಿಕೊಂಡವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ನೀವಿಬ್ಬರೂ ಆ ಲೆಕ್ಕಕ್ಕೆ ಕೂರಬೇಡಿ.

ಇನ್ನು ಸೀರೆಯ ಕೆಳಗಿರುವ ಕೊಳವೆ. ಅದರ ಹೆಸರು ಡೈಲೇಟರ್. ಕರೆಂಟ್ ರೋಗದ ಕೋಶಗಳನ್ನು ಕೊಲ್ಲುವಾಗ ಪಕ್ಕದಲ್ಲೇ ಇರುವ ಯೋನಿಮಾರ್ಗದ ಒಳಪದರಕ್ಕೂ ಪೆಟ್ಟು ಬೀಳುತ್ತದೆ. ಪದರ ತೆಳುವಾಗುತ್ತದೆ, ಪಸೆ ಆರುತ್ತದೆ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಮಾರ್ಗ ಗಿಡ್ಡವೂ ಇಕ್ಕಟ್ಟೂ ಆಗುತ್ತ ಹೋಗುತ್ತದೆ. ಅಂಟಿಕೊಳ್ಳದಂತೆ ಬಿಡಿಸಿ ಇಡುವುದು ಈ ಕೊಳವೆಯ ಕೆಲಸ. ಇದು ಗಂಡನ ಸಲುವಾಗಿ ಮಾತ್ರ ಎಂದು ತಿಳಿಯಬೇಡಿ. ಮಾರ್ಗ ಮುಚ್ಚಿಕೊಂಡರೆ ಮೂರು ತಿಂಗಳಿಗೊಮ್ಮೆ ನೋಡುವ ವೈದ್ಯರಿಗೆ ಗರ್ಭಕಂಠ ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ರೋಗ ಮರಳಿದೆಯೇ ಎಂದು ನೋಡಬೇಕಾದ ಜಾಗವೇ ಮರೆಯಾಗುತ್ತದೆ. ಗಂಡ ತೀರಿಕೊಂಡವರಿಗೆ, ವಯಸ್ಸಾದವರಿಗೆ ‘ಇವರಿಗೇಕೆ’ ಎಂದು ಇದನ್ನು ಹೇಳದೆ ಕಳಿಸುವವರಿದ್ದಾರೆ. ಅವರಿಗೂ ಹೇಳಲೇಬೇಕು.

ಆದರೆ ಇಂದೇ ತೆಗೆದು ಬಳಸಲು ಹೊರಡಬೇಡಿ. ಎಂಟು ತಿಂಗಳು ಕಳೆದಿವೆ, ರಕ್ತವೂ ಕಂಡಿದೆ. ಕರೆಂಟ್ ತಾಗಿದ ಜಾಗದಲ್ಲಿ ಬೆಳೆಯುವ ನವಿರಾದ ರಕ್ತನಾಳಗಳು ಸ್ವಲ್ಪ ಉಜ್ಜಿದರೂ ಒಡೆಯುತ್ತವೆ, ನಿಮ್ಮ ರಕ್ತ ಬಹುಶಃ ಅದೇ ಇರಬಹುದು. ‘ಬಹುಶಃ’ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ, ಒಮ್ಮೆ ನೋಡಿಸಲೇಬೇಕು. ಮುಂದಿನ ತಾರೀಕಿಗೆ ಕಾಯದೆ ಹೋಗಿ. ಡೈಲೇಟರನ್ನೂ ಚೀಲದಲ್ಲಿ ಒಯ್ಯಿರಿ. ಈ ಸಲ ಮೈದುನನನ್ನು ಕರೆದುಕೊಂಡು ಹೋಗಬೇಡಿ. ಅಕ್ಕನೋ ತಂಗಿಯೋ ನಾದಿನಿಯೋ ಇರಲಿ, ಇಲ್ಲದಿದ್ದರೆ ಮೈದುನ ಚಹಾ ಕುಡಿದು ಬರಲಿ. ‘ಇದನ್ನು ಹೇಗೆ ಬಳಸಬೇಕು, ನನ್ನ ಕೈಯಲ್ಲೇ ಮಾಡಿಸಿ ತೋರಿಸಿ’ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ತೋರಿಸುವುದು ಅವರ ಕೆಲಸ.

ಬಳಸುವ ಕ್ರಮ ಹೀಗೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದರಿಂದ ಹತ್ತು ನಿಮಿಷ. ಮೊದಲು ಚಿಕ್ಕ ಅಳತೆ, ಸಲೀಸಾದ ಮೇಲೆ ದೊಡ್ಡದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಹಚ್ಚಿಕೊಳ್ಳಿ. ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ. ಕಾಂಡೋಮ್ ಬಳಸುವವರಾದರೆ ಅದು ಬೇಡ, ಎಣ್ಣೆಗೆ ರಬ್ಬರ್ ಹರಿಯುತ್ತದೆ. ಮಂಡಿ ಮಡಿಸಿ ಅಂಗಾತ ಮಲಗಿ, ಅಥವಾ ನಿಂತು ಒಂದು ಕಾಲನ್ನು ಮಣೆಯ ಮೇಲಿಟ್ಟು, ಉಸಿರು ಬಿಡುತ್ತ ಮೆಲ್ಲಗೆ ಒಳಗೆ ಸರಿಸಿ. ತಡೆ ಸಿಕ್ಕಲ್ಲಿ ನಿಲ್ಲಿಸಿ, ಬಲವಂತ ಬೇಡ. ಹೊರತೆಗೆಯುವಾಗ ಸ್ವಲ್ಪ ತಿರುಗಿಸುತ್ತ ತೆಗೆಯಿರಿ. ಮೊದಮೊದಲು ಜೆಲ್‌ಗೆ ತಿಳಿಗೆಂಪು ಬಣ್ಣ ಹತ್ತಿದರೆ ಗಾಬರಿಯಾಗಬೇಡಿ. ಬಟ್ಟೆ ನೆನೆಯುವಷ್ಟು ರಕ್ತ, ದುರ್ವಾಸನೆಯ ಸ್ರಾವ ಅಥವಾ ಜ್ವರ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಕೆಲಸವಾದ ಮೇಲೆ ಸೋಪು, ನೀರಿನಲ್ಲಿ ತೊಳೆದು ಒಣಗಿಸಿಟ್ಟರೆ ಸಾಕು.

ಎರಡೇ ಕೋಣೆಯ ಮನೆಯಲ್ಲಿ, ಅತ್ತೆ ಮಕ್ಕಳ ನಡುವೆ, ಇದನ್ನೆಲ್ಲ ಎಲ್ಲಿ ಮಾಡುವುದು ಎಂದು ಯಾವ ಆಸ್ಪತ್ರೆಯ ಕರಪತ್ರವೂ ಬರೆಯುವುದಿಲ್ಲ. ನನ್ನ ಬಳಿ ಬರುವ ಹೆಂಗಸರು ಹೆಚ್ಚಾಗಿ ಆರಿಸಿಕೊಂಡಿರುವುದು ಬಚ್ಚಲುಮನೆ. ಬಿಸಿನೀರು ಮೈಮೇಲೆ ಬಿದ್ದ ಮೇಲೆ ಸ್ನಾಯುಗಳೂ ಸಡಿಲವಾಗಿರುತ್ತವೆ, ಹತ್ತು ನಿಮಿಷ ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಬಚ್ಚಲಿಗೆ ಸರಿಯಾದ ಚಿಲಕ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಚಿಕಿತ್ಸೆಯ ಖರ್ಚಿನಲ್ಲಿ ಅದನ್ನೂ ಸೇರಿಸಿ ಎನ್ನುತ್ತೇನೆ.

ಮೈ ಉರಿ, ಬೆವರು ಮುಟ್ಟು ನಿಂತದ್ದರ ಲಕ್ಷಣ. ಕರೆಂಟ್ ತಾಗಿದ ಅಂಡಾಶಯಗಳು ಕೆಲವೇ ವಾರಗಳಲ್ಲಿ ಕೆಲಸ ನಿಲ್ಲಿಸುತ್ತವೆ. ಐವತ್ತರ ಹೊತ್ತಿಗೆ ಮೆಲ್ಲಗೆ ಬರಬೇಕಾದದ್ದು ನಿಮಗೆ 43ಕ್ಕೆ ಒಮ್ಮೆಲೇ ಬಂದಿದೆ, ಆದ್ದರಿಂದಲೇ ಇಷ್ಟು ಜೋರು. ಕ್ಯಾನ್ಸರ್ ಆದವರು ಹಾರ್ಮೋನ್ ಮುಟ್ಟಲೇಬಾರದು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಸ್ತನದ ಕ್ಯಾನ್ಸರಿಗೆ ಹೇಳುವ ಎಚ್ಚರಿಕೆಯನ್ನು ಎಲ್ಲಕ್ಕೂ ಹಚ್ಚಿಬಿಟ್ಟಿದ್ದಾರೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೆಚ್ಚಿನವರಿಗೆ ಬರುವ ಸ್ಕ್ವಾಮಸ್ ಬಗೆ ಹಾರ್ಮೋನ್‌ನಿಂದ ಬೆಳೆಯುವಂಥದ್ದಲ್ಲ. ನಿಮ್ಮ ವಯಸ್ಸಿನವರಿಗೆ ಐವತ್ತರವರೆಗಾದರೂ ಹಾರ್ಮೋನ್ ಕೊಡುವುದು ಎಲುಬಿಗೂ ಹೃದಯಕ್ಕೂ ಒಳ್ಳೆಯದು. ಗರ್ಭಕೋಶ ತೆಗೆದಿಲ್ಲವಾದ್ದರಿಂದ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಕೂಡ ಬೇಕಾಗುತ್ತದೆ. ನಿಮ್ಮ ಬಯಾಪ್ಸಿ ವರದಿಯಲ್ಲಿ ಯಾವ ಬಗೆ ಎಂದು ಬರೆದಿರುತ್ತದೆ. ಅಡಿನೋ ಎಂಬ ಇನ್ನೊಂದು ಬಗೆ ಎಂದಿದ್ದರೆ, ಅಥವಾ ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದರೆ, ವೈದ್ಯರು ಬೇರೆ ರೀತಿ ಯೋಚಿಸುತ್ತಾರೆ. ಒಣಗಿದ ಜಾಗಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮನ್ನೂ ಕೇಳಿ, ಡೈಲೇಟರಿನ ಕೆಲಸ ಅದರಿಂದ ಹಗುರಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿರುತ್ತವೆ. ಅಷ್ಟರೊಳಗೆ ಎಲ್ಲ ಮೊದಲಿನಂತಾಗಬೇಕು ಎಂಬ ಗಡುವನ್ನು ನಿಮ್ಮ ಮೈಗೆ ಹಾಕಬೇಡಿ. ಇಕ್ಕಟ್ಟಾದದ್ದು ಸಡಿಲಾಗಲು ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ಸಡಿಲಾಗುವುದೂ ಇಲ್ಲ. ನಿಮ್ಮ ಯಜಮಾನರು ಹೆದರಿ ದೂರ ನಿಂತಿದ್ದಾರೆಯೇ ಹೊರತು ಬೇಸರಿಸಿ ಹೋಗಿಲ್ಲ ಎಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ನೋವಾಗುವುದು ಯಾವುದು, ಆಗದಿರುವುದು ಯಾವುದು ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲಿ ಮಲಗಲು, ತಲೆ ನೇವರಿಸಲು ಯಾವ ಡೈಲೇಟರೂ ಬೇಡ. ವೈದ್ಯರು ಸರಿ ಎಂದ ಮೇಲೆ ಜೆಲ್ ಹಚ್ಚಿಕೊಂಡು, ನೀವು ಮೇಲಿರುವಂತೆಯೋ ಪಕ್ಕಕ್ಕೆ ಹೊರಳಿಯೋ ಪ್ರಯತ್ನಿಸಿ. ಎಷ್ಟು ಆಳ, ಎಷ್ಟು ವೇಗ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ: ನನಗೆ 61 ವರ್ಷ. ಕರೆಂಟ್ ಆಗಿ ಒಂದೂವರೆ ವರ್ಷ. ಈಗ ಕೆಲವು ತಿಂಗಳಿಂದ ದಿನಕ್ಕೆ ಐದಾರು ಸಲ ಹೋಗಬೇಕಾಗುತ್ತದೆ, ತಡೆಯಲು ಆಗುವುದಿಲ್ಲ, ಆಗಾಗ ರಕ್ತವೂ ಬೀಳುತ್ತದೆ. ಮೂಲವ್ಯಾಧಿ ಎಂದು ಹಳ್ಳಿ ಔಷಧ ಮಾಡಿದೆ, ಗುಣ ಕಾಣಲಿಲ್ಲ. ಮದುವೆ ಮುಂಜಿ ಬಿಟ್ಟೆ, ಈ ಸಲದ ಮಾರಿಕಾಂಬಾ ಜಾತ್ರೆಗೂ ಹೋಗಲಿಲ್ಲ. ಹುಬ್ಬಳ್ಳಿಗೆ ತಪಾಸಣೆಗೆ ಹೋಗುವುದಿದ್ದರೆ ಹಿಂದಿನ ಮಧ್ಯಾಹ್ನದಿಂದಲೇ ಊಟ ಬಿಡುತ್ತೇನೆ.
— ಶಿರಸಿ ತಾಲ್ಲೂಕು

ಉತ್ತರ: ಗರ್ಭಕಂಠದ ಹಿಂದೆಯೇ ಗುದನಾಳ ಇದೆ, ಮುಂದೆ ಮೂತ್ರಕೋಶ. ಕರೆಂಟಿನ ಪೆಟ್ಟು ಅವಕ್ಕೂ ಬಿದ್ದಿರುತ್ತದೆ. ಅದರ ಫಲ ಕೆಲವರಲ್ಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಕಾಣಿಸುತ್ತದೆ. ನಿಮ್ಮದು ಹಾಗೆ ತೋರುತ್ತದೆ, ಮೂಲವ್ಯಾಧಿಯಲ್ಲ. ಆದರೂ ನಿಮ್ಮ ವಯಸ್ಸಿನಲ್ಲಿ ರಕ್ತ ಬಿದ್ದರೆ ಒಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು.

ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಕ್ಯಾಮೆರಾ ಹಾಕುವ ವೈದ್ಯರಿಗೆ, ಮೇಜಿನ ಮೇಲೆ ಮಲಗುವ ಮೊದಲೇ, ‘ನನಗೆ ಕಿಬ್ಬೊಟ್ಟೆಗೆ ಕರೆಂಟ್ ಆಗಿದೆ’ ಎಂದು ಹೇಳಿ, ಡಿಸ್ಚಾರ್ಜ್ ಕಾಗದ ತೋರಿಸಿ. ಕರೆಂಟ್ ತಾಗಿದ ಗುದನಾಳದ ಮುಂಭಾಗದ ಗೋಡೆಯಿಂದ ಅಗತ್ಯವಿಲ್ಲದೆ ತುಣುಕು ತೆಗೆದರೆ ಆ ಗಾಯ ಮಾಯದೆ, ಯೋನಿಮಾರ್ಗಕ್ಕೆ ತೂತು ಬೀಳುವ ಅಪಾಯವಿದೆ. ಮೂಲವ್ಯಾಧಿ ಎಂದು ಕೊಯ್ಯುವ, ಸುಡುವ, ಕ್ಷಾರದ ದಾರ ಕಟ್ಟುವ ಯಾವ ಕೆಲಸಕ್ಕೂ ನಿಮ್ಮ ಕರೆಂಟ್ ವೈದ್ಯರನ್ನು ಕೇಳದೆ ಒಪ್ಪಬೇಡಿ.

ರಕ್ತ ಅಲ್ಪಸ್ವಲ್ಪವಾಗಿದ್ದು ಹಿಮೋಗ್ಲೋಬಿನ್ ಇಳಿಯದಿದ್ದರೆ ಚಿಕಿತ್ಸೆಯೇ ಬೇಡವಾಗಬಹುದು. ಹೆಚ್ಚಾದರೆ ಸುಕ್ರಾಲ್ಫೇಟ್ ಎಂಬ ಔಷಧದ ಎನಿಮಾ ಕೊಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ಸೋರುವ ನಾಳಗಳನ್ನು ಕ್ಯಾಮೆರಾ ಮೂಲಕವೇ ಆರ್ಗನ್ ಅನಿಲದಿಂದ ಮುಚ್ಚುತ್ತಾರೆ. ಅದನ್ನು ಕರೆಂಟಿನ ತೊಂದರೆ ಗೊತ್ತಿರುವ ಕೈಯಲ್ಲೇ ಮಾಡಿಸಿಕೊಳ್ಳಬೇಕು.

ಓಡಾಟಕ್ಕೆ ಕಾರಣ ಬೇರೆ ಇರಬಹುದು. ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಪೆಟ್ಟಾದರೆ ಪಿತ್ತರಸ ಮರಳಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಇಳಿದು ಭೇದಿ ತರುತ್ತದೆ, ಅದಕ್ಕೆ ಕೊಲೆಸ್ಟಿರಮೈನ್ ಎಂಬ ಪುಡಿ ಇದೆ. ಕೆಲವರ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿರುತ್ತವೆ, ಅದಕ್ಕೆ ಆ್ಯಂಟಿಬಯಾಟಿಕ್. ಇನ್ನು ಕೆಲವರಿಗೆ ಹಾಲು ಒಗ್ಗುವುದು ನಿಲ್ಲುತ್ತದೆ. ಹೊಟ್ಟೆ ಕೆಡುವುದು ಕ್ಯಾನ್ಸರ್ ಆದವರ ಹಣೆಬರಹ ಎಂದು ಸುಮ್ಮನಾಗದೆ ಹೊಟ್ಟೆಯ ವೈದ್ಯರಿಗೆ ತೋರಿಸಿ ಎನ್ನುವುದು ಇದಕ್ಕೇ.

ಊಟ ಬಿಡುವುದರಿಂದ ಕರುಳು ಸುಮ್ಮನಿರುವುದಿಲ್ಲ, ನೀವು ಬಸ್ಸಿನಲ್ಲಿ ತಲೆ ತಿರುಗಿ ಬೀಳುತ್ತೀರಿ. ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ ನಿಮ್ಮ ಮನೆಯಲ್ಲಿ ಹೇಗೂ ಇದೆ, ಉಂಡು ಹೊರಡಿ. ಹಾಲು ಹಾಕಿದ ಚಹಾವನ್ನು ಎರಡು ವಾರ ನಿಲ್ಲಿಸಿ ನೋಡಿ. ಹಲಸಿನ ಕಾಲ ಬಂದಿದೆ. ಹಣ್ಣು ನಿಮಗೆ ಆಗುತ್ತದೆಯೇ ಎಂದು ಎರಡು ತೊಳೆ ತಿಂದು ಪರೀಕ್ಷಿಸುವುದನ್ನು ಪ್ರಯಾಣದ ಹಿಂದಿನ ದಿನ ಮಾಡಬೇಡಿ. ಹಸಿಮೆಣಸು ಹಾಕಿದ ಅಪ್ಪೆಹುಳಿಗೂ ಅದೇ ಮಾತು. ವೈದ್ಯರನ್ನು ಕೇಳಿ ಹೊರಡುವ ಮೊದಲು ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ತೆಗೆದುಕೊಳ್ಳಬಹುದು. ಚೀಲದಲ್ಲಿ ಪ್ಯಾಡ್, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ಇರಲಿ. ಶಿರಸಿಯಿಂದ ಮುಂಡಗೋಡ ಮಾರ್ಗವಾಗಿ ಹುಬ್ಬಳ್ಳಿ ಮುಟ್ಟುವವರೆಗೆ ಸಿಗುವ ಶೌಚಾಲಯಗಳ ಬಗ್ಗೆ ನಾನು ಬರೆಯಲು ಹೊರಟರೆ ಸಂಪಾದಕರು ಈ ಅಂಕಣವನ್ನೇ ನಿಲ್ಲಿಸಿಯಾರು.

ಯೋನಿಮಾರ್ಗದಿಂದ ಮಲ ಅಥವಾ ಮೂತ್ರ ಸೋರಿದರೆ, ಮೂತ್ರದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ ತಡ ಮಾಡದೆ ಹೋಗಿ.

ಪ್ರಶ್ನೆ: ನನ್ನ ಹೆಂಡತಿಗೆ 50 ವರ್ಷ, ಚಿಕಿತ್ಸೆ ಮುಗಿದು ಎರಡು ವರ್ಷ. ಎಲ್ಲ ರಿಪೋರ್ಟ್ ಚೆನ್ನಾಗಿವೆ. ಮೊದಲು ದಿನಾ ಸಂಜೆ ನನ್ನ ಜೊತೆ ಟ್ಯಾಗೋರ್ ಬೀಚಿಗೆ ಬರುತ್ತಿದ್ದಳು. ಈಗ ಸಂಜೆಯಾದರೆ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಇದು ಸೋಮಾರಿತನವೇ, ಬೇಸರವೇ? ಬೈದರೆ ಅಳುತ್ತಾಳೆ.
— ಕಾರವಾರ

ಉತ್ತರ: ಬೈಯುವುದನ್ನು ಇವತ್ತೇ ನಿಲ್ಲಿಸಿ. ಕರೆಂಟ್ ಆದವರ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ, ಬಿ12 ನೋಡಿಸಿ. ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ. ಕರೆಂಟಿನ ನಂತರ ಅದು ಕಡಿಮೆಯಾಗಬಹುದು. ರಕ್ತದಲ್ಲಿ ಏನೂ ಕೊರತೆ ಕಾಣದಿದ್ದರೆ ಖಿನ್ನತೆಯನ್ನು ನೆನೆಯಬೇಕು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಹೋಗಲು ಅವರು ಒಪ್ಪದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಇಲ್ಲ.

ಈ ಸುಸ್ತಿಗೆ ನಡಿಗೆಯಷ್ಟು ಒಳ್ಳೆಯ ಔಷಧ ಇನ್ನೊಂದಿಲ್ಲ. ಆದರೆ ಬೀಚಿನ ಉದ್ದಕ್ಕೂ ನಡೆಸಬೇಡಿ, ಮೊದಲ ವಾರ ಓಣಿಯ ತಿರುವಿನವರೆಗೆ ಸಾಕು. ಮತ್ತೊಂದು ಸಂಶಯ ನನಗಿದೆ. ಅವರು ಬೀಚಿಗೆ ಬಾರದಿರುವುದು ಸುಸ್ತಿನಿಂದಲೋ, ನಡುವೆ ಮೂತ್ರ ತಡೆಯಲಾಗದು ಎಂಬ ಹೆದರಿಕೆಯಿಂದಲೋ? ಗಂಡನಿಗೆ ಇದನ್ನು ಹೇಳದೆ ಗೋಡೆಗೆ ಮುಖ ಮಾಡಿ ಮಲಗುವವರು ಬಹಳ ಜನ. ಮೆಲ್ಲಗೆ ಕೇಳಿ ನೋಡಿ.

ಪ್ರಶ್ನೆ: ಅಮ್ಮನಿಗೆ 66 ವರ್ಷ, ಹೊನ್ನಾವರ ತಾಲ್ಲೂಕಿನಲ್ಲಿ ಅಣ್ಣನ ಜೊತೆ ಇದ್ದಾರೆ. ಮೂರು ವರ್ಷದ ಹಿಂದೆ ಕರೆಂಟ್ ಆಗಿದೆ. ಈಗ ಸೊಂಟದ ಕೆಳಗೆ ವಿಪರೀತ ನೋವು, ಡಿಸ್ಕ್ ಇರಬಹುದು ಎಂದಿದ್ದಾರೆ. ಎಡಗಾಲು ಒಂದು ವರ್ಷದಿಂದ ಊದಿಕೊಂಡಿದೆ. ಮಣಿಪಾಲಕ್ಕೆ ಹೋಗಿಬರುವ ಖರ್ಚಿಗೆ ಹೆದರಿ ತಪಾಸಣೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.
— ಬೆಂಗಳೂರಿನಿಂದ ಮಗಳು

ಉತ್ತರ: ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ಅಮ್ಮ ಬಿಡುವಂತಿಲ್ಲ, ಅದರಲ್ಲೂ ಈಗ. ಹೊಸ ನೋವು, ಊದಿದ ಕಾಲು ಎರಡೂ ಇರುವಾಗ ರೋಗ ಮರಳಿಲ್ಲ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದು ಖಾತ್ರಿಯಾಗಬೇಕು.

ಅವೆರಡೂ ಇಲ್ಲದಿದ್ದರೆ ಸೊಂಟದ ನೋವಿಗೆ ಕರೆಂಟಿನಿಂದ ಸಡಿಲವಾದ ತ್ರಿಕಾಸ್ಥಿಯಲ್ಲಿ (ಬೆನ್ನೆಲುಬಿನ ಬುಡದ ಎಲುಬು) ಕೂದಲೆಳೆಯಂಥ ಬಿರುಕು ಕಾರಣವಾಗಿರಬಹುದು. ಬೀಳದೆಯೂ ಇದು ಬರುತ್ತದೆ, ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣದೆ ಹೋಗುತ್ತದೆ, ಎಂಆರ್‌ಐ ಬೇಕು. ಹೆಚ್ಚಿನವು ವಿಶ್ರಾಂತಿ, ನೋವಿನ ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಡಿಯಲ್ಲೇ ಕೂಡಿಕೊಳ್ಳುತ್ತವೆ. ಎಲುಬಿನ ಸಾಂದ್ರತೆಯನ್ನೂ ಅಳೆಸಿ. ಮೀನು ತಿನ್ನುವ ಮನೆಯಾದರೆ ತಾರಲೆಯನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಕೊಡಿ, ಇಲ್ಲದಿದ್ದರೆ ರಾಗಿ, ಎಳ್ಳು.

ಕಾಲಿನ ಊತ ದುಗ್ಧರಸ (ಲಿಂಫ್ ಎಂಬ ಮೈಯೊಳಗಿನ ತಿಳಿ ದ್ರವ) ಹರಿಯದೆ ನಿಂತದ್ದರಿಂದ ಎಂದಾದರೆ, ಅಳತೆಗೆ ಸರಿಯಾದ ಬಿಗಿ ಸ್ಟಾಕಿಂಗ್ ಮತ್ತು ಫಿಸಿಯೋಥೆರಪಿ ಬೇಕು. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆಗೆ, ತೋಟಕ್ಕೆ ಇಳಿಯಲು ಬಿಡಬೇಡಿ. ಒಂದು ಉಂಬಳ ಕಚ್ಚಿದ ಗಾಯ, ಬೆರಳ ಸಂದಿಯ ಕೆಸರುಹುಣ್ಣು ಸಾಕು, ಕಾಲು ಕೆಂಪಾಗಿ ಜ್ವರ ಬರಲು. ಹಾಗಾದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಖರ್ಚಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದು ದಾರಿಖರ್ಚಿಗೆ ಬರುವುದಿಲ್ಲ. ದಾರಿಗೆ ರೈಲು ಹಿಡಿಯಿರಿ. ಹೊನ್ನಾವರದಲ್ಲಿ ಹತ್ತಿ ಉಡುಪಿಯಲ್ಲಿ ಇಳಿದರೆ ಮಣಿಪಾಲ ಅಲ್ಲೇ. ಚಿಕಿತ್ಸೆಗೂ ತಪಾಸಣೆಗೂ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ವೈದ್ಯರ ಸಹಿ, ಮೊಹರು ಹಾಕಿಸಿ ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು. ಅಣ್ಣನಿಗೆ ಫೋನ್ ಮಾಡಿ, ಈ ವಾರವೇ ಹೋಗಿಬರಲಿ. ಮುಂದಿನ ಸಲಕ್ಕೆ ಬೇಕಾಗುವ ನಮೂನೆಗೂ ಅಲ್ಲೇ ಸಹಿ ಮಾಡಿಸಿಕೊಂಡು ಬರಲು ಹೇಳಿ.